ವಿಜಯಪುರದ ಕರಿಕಲ್ಲು: ಬಸಾಲ್ಟ್ ಗುರುತಿಸೋದನ್ನು ನಾನು ಕಲಿತ ಬಗೆ

ಜ್ವಾಲಾಮುಖಿಯ ಲಾವಾ ಆರಿ ಗಟ್ಟಿಯಾದ ಕಲ್ಲು ಬಸಾಲ್ಟ್. ಆದರೆ ಕಪ್ಪಗಿರುವ ಕಲ್ಲೆಲ್ಲ ಬಸಾಲ್ಟ್ ಅಲ್ಲ. ಬಸಾಲ್ಟ್ ಯಾವಾಗಲೂ ಕಪ್ಪಗೆ ಕಾಣೋದೂ ಇಲ್ಲ. ವಿಜಯಪುರದ ಸುತ್ತ ಹೊಲದ ಬದುವಿನಲ್ಲಿ ಬಿದ್ದಿರುವ ಕಲ್ಲುಗಳ ಮೈ ಹೆಚ್ಚಾಗಿ ಕಂದು. ಮಳೆ ಗಾಳಿಗೆ ಕಲ್ಲಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಬಂದ ಬಣ್ಣ ಅದು. ಹಾಗಾಗಿ ನಾನು ಮೊದಲು ಒಂದು ಚೂರು ಒಡೆದು ನೋಡುತ್ತೇನೆ. ಕನ್ನಡಕ ಹಾಕಿಕೊಂಡೇ ಸುತ್ತಿಗೆ ಎತ್ತಿ, ಚಕ್ಕೆ ತುಂಬಾ ಚೂಪು.

ಒಡೆದ ಮುಖ ಬೂದುಗಪ್ಪು. ಬರಿಗಣ್ಣಿಗೆ ಹರಳು ಸುಲಭಕ್ಕೆ ಕಾಣೋದಿಲ್ಲ. ಮಸೂರ ಹಿಡಿದು ಬಿಸಿಲಿಗೆ ಹೊರಳಿಸಿದರೆ ಸೂಜಿಯಂಥ ಸಣ್ಣ ಗೆರೆಗಳು ಮಿನುಗುತ್ತವೆ. ಅವು ಫೆಲ್ಡ್‌ಸ್ಪಾರ್ ಅನ್ನುವ ಖನಿಜದ ಹರಳು. ಲಾವಾ ನೆಲದ ಮೇಲೆ ಹರಿದು ಬೇಗ ಆರಿತು, ಹರಳು ಬೆಳೆಯಲು ಪುರುಸೊತ್ತೇ ಸಿಗಲಿಲ್ಲ. ಅದೇ ದ್ರವ ನೆಲದೊಳಗಿನ ಬಿರುಕಿನಲ್ಲಿ ನಿಧಾನಕ್ಕೆ ಆರಿದ್ದರೆ ಡಾಲರೈಟ್ ಆಗುತ್ತಿತ್ತು. ಅದರ ಹರಳು ಇನ್ನೂ ದಪ್ಪ. ದಕ್ಷಿಣ ಕರ್ನಾಟಕದ ‘ಬ್ಲ್ಯಾಕ್ ಗ್ರಾನೈಟ್’ ಅನ್ನುವ ಎಷ್ಟೋ ಕಲ್ಲು ಈ ಡಾಲರೈಟೇ.

ಆಮೇಲೆ ತೂಕ. ಕಲ್ಲನ್ನು ದಾರದಲ್ಲಿ ಕಟ್ಟಿ ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕುತ್ತೇನೆ. ಇನ್ನೊಮ್ಮೆ ನೀರಲ್ಲಿ ಮುಳುಗಿಸಿ ತೂಗುತ್ತೇನೆ. 580 ಗ್ರಾಂ ಇದ್ದದ್ದು 380ಕ್ಕೆ ಇಳಿದರೆ ವ್ಯತ್ಯಾಸ 200. 580ನ್ನು 200ರಿಂದ ಭಾಗಿಸಿದರೆ 2.9, ಅಂದರೆ ಕಲ್ಲು ಅಷ್ಟೇ ಗಾತ್ರದ ನೀರಿಗಿಂತ 2.9 ಪಟ್ಟು ಭಾರ. ಗಟ್ಟಿ ಬಸಾಲ್ಟ್ ಸಾಮಾನ್ಯವಾಗಿ 2.8ರಿಂದ 3ರ ನಡುವೆ ಬರುತ್ತದೆ, ಗ್ರಾನೈಟ್ 2.7ರ ಆಸುಪಾಸು. ಡಾಲರೈಟ್ ಕೂಡ ಬಸಾಲ್ಟ್‌ನಷ್ಟೇ ತೂಗುತ್ತದೆ, ಹಾಗಾಗಿ ಮಸೂರ ಬಿಡೋ ಹಾಗಿಲ್ಲ.

ತೂತು ತೂತಾದ ಕಲ್ಲಿಗೆ ಈ ಲೆಕ್ಕ ಒಗ್ಗೋದಿಲ್ಲ. ಆದರೆ ನನಗೆ ಜಾಸ್ತಿ ಇಷ್ಟ ಆ ಕಲ್ಲೇ. ಲಾವಾದಲ್ಲಿದ್ದ ಅನಿಲದ ಗುಳ್ಳೆಗಳು ಮಾಡಿದ ತೂತು ಅವು. ಎಷ್ಟೋ ತೂತುಗಳಲ್ಲಿ ಆಮೇಲೆ ನೀರು ಇಳಿದು ಬಿಳಿ ಹರಳು ಕಟ್ಟಿದೆ. ಚಾಕುವಿನಿಂದ ಗೀರಿ, ಪುಡಿಗೆ ನಿಂಬೆರಸ ಬಿಟ್ಟಾಗ ನೊರೆ ಎದ್ದರೆ ಕ್ಯಾಲ್ಸೈಟ್, ಅಂದರೆ ಸುಣ್ಣದ ಹರಳು. ಗೀರೇ ಬೀಳದಿದ್ದರೆ ಕ್ವಾರ್ಟ್ಜ್ (ಬೆಣಚು) ಜಾತಿಯದು.

ಈ ಚೂರುಗಳಿಗೆಲ್ಲ ಒಂದು ಅರ್ಥ ಸಿಕ್ಕಿದ್ದು ಹಳೇ ತೆರೆದ ಬಾವಿಯ ಗೋಡೆಯಲ್ಲಿ. ಕೆಳಗೆ ಗಟ್ಟಿ ಕಲ್ಲು, ಮೇಲೆ ತೂತಿನ ಕಲ್ಲು, ಅದರ ಮೇಲೆ ಗೇಣಗಲದ ಕೆಂಪು ಪಟ್ಟಿ, ಮತ್ತೆ ಗಟ್ಟಿ ಕಲ್ಲು. ಗುಳ್ಳೆ ಏಳೋದು ಮೇಲಕ್ಕೇ ಅಲ್ವಾ? ತೂತಿನ ಪದರ ಅಂದರೆ ಒಂದು ಹರಿವಿನ ನೆತ್ತಿ. ಮುಂದಿನ ಲಾವಾ ಬರುವ ತನಕ ಆ ನೆತ್ತಿ ಮಳೆ ಬಿಸಿಲಿಗೆ ಮಣ್ಣಾಗಿದ್ದೇ ಕೆಂಪು ಪಟ್ಟಿ. ಸುಮಾರು 6.6 ಕೋಟಿ ವರ್ಷದ ಹಿಂದೆ ದಖ್ಖನ್ ಲಾವಾ ಒಂದೇ ಸಲ ಸುರಿಯಲಿಲ್ಲ, ನಡುನಡುವೆ ನಿಂತು ಹರಿಯಿತು ಅನ್ನೋದಕ್ಕೆ ಇದೇ ಸಾಕ್ಷಿ. ಈಗ ಎಲ್ಲಾದರೂ ಬೋರ್ ಕೊರೆಯುತ್ತಿದ್ದರೆ ಮೇಲೆ ಬರುವ ಪುಡಿಯನ್ನೇ ನೋಡುತ್ತಾ ನಿಲ್ಲುತ್ತೇನೆ. ಬೂದು ಬಣ್ಣ ಕೆಂಪಿಗೆ ತಿರುಗಿತು ಅಂದರೆ, ಒಂದು ಹರಿವು ಮುಗಿದು ಅದಕ್ಕಿಂತ ಹಳೆಯದರ ನೆತ್ತಿಗೆ ಇಳಿದಿದ್ದಾರೆ ಅಂತ.