ರಾತ್ರಿ ಪದೇ ಪದೇ ಏಳುವ ಮಗುವಿನ ಹಗಲು ನಿದ್ದೆಯನ್ನು ಮೊದಲು ಗಮನಿಸಿ
ವಿಜಯಪುರದ ಬೇಸಿಗೆಯಲ್ಲಿ ಬಿಸಿಲಿಗೆ ಹೆದರಿ ನಾವು ಮಕ್ಕಳನ್ನು ಸಂಜೆ 5ರವರೆಗೂ ಮಲಗಿಸಿಬಿಡುತ್ತೇವೆ. ರಾತ್ರಿ 11 ಆದರೂ ಅವರಿಗೆ ನಿದ್ದೆ ಹತ್ತದಿರುವುದಕ್ಕೆ ಎಷ್ಟೋ ಮನೆಗಳಲ್ಲಿ ಅದೇ ಕಾರಣ. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆಗಳ ನಿದ್ದೆ ಬೇಕಾಗುವುದರಿಂದ, ಹಗಲು ಹೆಚ್ಚು ಮಲಗಿದಷ್ಟೂ ರಾತ್ರಿಯ ಪಾಲು ಕಡಿಮೆಯಾಗುತ್ತದೆ. ಆದ್ದರಿಂದ ಮಧ್ಯಾಹ್ನ 3ರ ಹೊತ್ತಿಗೆ ಮೆಲ್ಲನೆ ಎಬ್ಬಿಸಿ, ಬಿಸಿಲು ಇಳಿದ ಮೇಲೆ ಅಂಗಳದಲ್ಲಿ ಆಡಲು ಬಿಡಿ. ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ಮೈ ತೊಳೆದು, ತೆಳುವಾದ ಹತ್ತಿಯ ಅಂಗಿ ತೊಡಿಸಿ, ದೀಪ ಆರಿಸಿ, ದಿನವೂ ಒಂದೇ ಹೊತ್ತಿಗೆ ಮಲಗಿಸಬೇಕು. ಅಜ್ಜಿ ಹೊಲಿದ ಕೌದಿ, ಎಷ್ಟೇ ಪ್ರೀತಿಯದಾದರೂ, ಈ ಸೆಕೆಯಲ್ಲಿ ಪೆಟ್ಟಿಗೆಯಲ್ಲೇ ಇರಲಿ. ನಡುರಾತ್ರಿ ಎದ್ದರೆ ಮೊಬೈಲ್ ಕೊಡದೆ ಕತ್ತಲಲ್ಲೇ ಬೆನ್ನು ತಟ್ಟಿರಿ. ಗೊರಕೆಯ ನಡುವೆ ಉಸಿರು ಕಟ್ಟಿದಂತಾಗುತ್ತಿದ್ದರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ.