ಹಳೇ ಮಾನಿಟರ್ ಒಳಗೆ ಚಿಟಪಟ ಸದ್ದೇ? ಟೇಪ್ ಕೆಳಗಿಡಿ

ಮಳೆಗಾಲ ಬಂದರೆ ಹಳೇ, ಗಾಜಿನ ಪಿಕ್ಚರ್ ಟ್ಯೂಬ್ ಇರುವ ಸಿಆರ್‌ಟಿ ಮಾನಿಟರ್‌ಗಳ ತಕರಾರು ಶುರು. ಸ್ವಿಚ್ ಹಾಕಿದ ಕೂಡಲೇ ಹಿಂದಿನಿಂದ ಸುಯ್ ಎನ್ನುವ ಸದ್ದು, ನಡುನಡುವೆ ಚಿಟ್ ಅಂತ ಕಿಡಿ, ಪ್ರತಿ ಕಿಡಿಗೂ ಚಿತ್ರ ಒಮ್ಮೆ ಕುಣಿಯುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಬರುವಂಥ ಘಾಟು ವಾಸನೆ ಓಝೋನಿನದು. ಕರಾವಳಿಯಲ್ಲಿ ಈ ಕಾಟ ಇನ್ನೂ ಜಾಸ್ತಿ. ಟ್ಯೂಬಿನ ಗಾಜಿನ ಮೇಲಿನ ಧೂಳು ಉಪ್ಪಿನ ತೇವ ಹೀರಿಕೊಂಡು ಕರೆಂಟು ಸೋರಲು ದಾರಿ ಮಾಡಿಕೊಡುತ್ತದೆ.

ಇದಕ್ಕೆ ಹೆಚ್ಚಿನವರು ಮಾಡುವ ರಿಪೇರಿ ಎಂದರೆ ಕಪ್ಪು ಟೇಪ್ ಸುತ್ತುವುದು, ಇಲ್ಲವೇ ಎಂ-ಸೀಲ್ ಮೆತ್ತುವುದು. ಆ ಟೇಪು ಸಾಮಾನ್ಯವಾಗಿ 600 ವೋಲ್ಟ್ ಒಳಗಿನ ವೈರಿಂಗ್‌ಗೆ ಮಾಡಿದ್ದು. ಕಲರ್ ಮಾನಿಟರ್‌ನ ಆನೋಡ್‌ನಲ್ಲಿ, ಅಂದರೆ ಟ್ಯೂಬಿಗೆ ಹೈವೋಲ್ಟೇಜ್ ಹೋಗುವ ಜಾಗದಲ್ಲಿ, ಇರುವುದು 20ರಿಂದ 27 ಸಾವಿರ ವೋಲ್ಟ್! ಕೊಳೆಯ ಮೇಲೆ ಏನು ಹಚ್ಚಿದರೂ ಕಿಡಿ ಅದರ ಅಡಿಯಿಂದಲೇ ಹರಿಯುತ್ತದೆ.

ಮೊದಲು ಕಿಡಿ ಎಲ್ಲಿಂದ ಎಂದು ಗೊತ್ತುಮಾಡಿಕೊಳ್ಳಿ. ಕವರ್ ತೆಗೆಯಬೇಡಿ. ಕೋಣೆ ಕತ್ತಲು ಮಾಡಿ, ಗಾಳಿಕಿಂಡಿಗಳಿಂದ ಇಣುಕಿದರೆ ಸಾಕು. ನೀಲಿ-ನೇರಳೆ ಬೆಳಕು ಟ್ಯೂಬಿನ ಮೇಲೆ ಆನೋಡ್ ಮುಚ್ಚಿರುವ ರಬ್ಬರ್ ಕ್ಯಾಪ್ ಸುತ್ತ ಕಂಡರೆ ಸ್ವಚ್ಛ ಮಾಡಿದರೆ ಸರಿಹೋಗುವ ಸಂಭವ ಹೆಚ್ಚು. ಮೆಕ್ಯಾನಿಕ್‌ಗಳು ಇಎಚ್‌ಟಿ ಎನ್ನುವ, ಹೈವೋಲ್ಟೇಜ್ ಹುಟ್ಟಿಸುವ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್ ಮೈಯಿಂದಲೇ ಬಂದರೆ ಅದು ಬಿರುಕು ಬಿಟ್ಟಿದೆ, ಬದಲಿಸಬೇಕು.

ಇನ್ನು ಅಪಾಯದ ಕೆಲಸ. ಪ್ಲಗ್ ಕಿತ್ತರೂ ಪಿಕ್ಚರ್ ಟ್ಯೂಬ್ ದೊಡ್ಡ ಕೆಪಾಸಿಟರ್‌ನಂತೆ ಚಾರ್ಜ್ ಹಿಡಿದಿಟ್ಟುಕೊಳ್ಳುತ್ತದೆ, ಕೆಲವೊಮ್ಮೆ ದಿನಗಟ್ಟಲೆ. ಎಲೆಕ್ಟ್ರಾನಿಕ್ಸ್ ಕೆಲಸ ಮಾಡಿ ಅಭ್ಯಾಸ ಇಲ್ಲದವರು ಇಲ್ಲಿಗೇ ನಿಲ್ಲಿಸಿ, ಮೆಕ್ಯಾನಿಕ್‌ಗೆ ಕೊಡಿ. ಅಭ್ಯಾಸ ಇದ್ದವರೂ ಕನ್ನಡಕ ಹಾಕಿಕೊಳ್ಳಿ, ಉಂಗುರ, ವಾಚು ತೆಗೆಯಿರಿ, ಎಡಗೈ ಬೆನ್ನ ಹಿಂದೆ ಇರಲಿ. ಟ್ಯೂಬಿನ ಸಪೂರ ಕುತ್ತಿಗೆಗೆ ಏನೂ ತಾಗಬಾರದು. ಪವರ್ ಸಪ್ಲೈಯ ದೊಡ್ಡ ಕೆಪಾಸಿಟರ್‌ನಲ್ಲೂ 300 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು, ಆ ಕಡೆ ಕೈ ಹಾಕಬೇಡಿ.

ಪ್ಲಗ್ ಕಿತ್ತು ಕವರ್ ತೆಗೆದ ಮೇಲೆ ಮೊದಲು ಆ ಚಾರ್ಜ್ ಇಳಿಸಬೇಕು. ಪ್ಲಾಸ್ಟಿಕ್ ಹಿಡಿಯ ಉದ್ದನೆಯ ಚಪ್ಪಟೆ ಸ್ಕ್ರೂಡ್ರೈವರ್‌ನ ಕಬ್ಬಿಣದ ಭಾಗಕ್ಕೆ ಎರಡೂ ತುದಿಯಲ್ಲಿ ಕ್ಲಿಪ್ ಇರುವ ವೈರ್ ಸಿಕ್ಕಿಸಿ. ವೈರಿನ ಇನ್ನೊಂದು ತುದಿ ಟ್ಯೂಬಿನ ಹಿಂಭಾಗಕ್ಕೆ ಹಾದುಹೋಗಿರುವ ಹೆಣೆದ ತಾಮ್ರದ ತಂತಿಗೆ ಹೋಗಬೇಕು. ಚಾಸಿಸ್‌ಗೋ ಬೋರ್ಡಿನ ಯಾವುದೋ ಮೂಲೆಗೋ ಸಿಕ್ಕಿಸಿದರೆ ಐಸಿಗಳು ಸುಡಬಹುದು. ಎಷ್ಟೋ ಅಂಗಡಿಗಳಲ್ಲಿ ಈ ತಪ್ಪನ್ನೇ ಮಾಡುತ್ತಾರೆ. ಆಮೇಲೆ ಒಂದೇ ಕೈಯಲ್ಲಿ ಸ್ಕ್ರೂಡ್ರೈವರ್ ತುದಿಯನ್ನು ಗಾಜಿಗೆ ಒರಗಿಸಿ, ರಬ್ಬರ್ ಅಂಚಿನ ಕೆಳಗೆ ಮೆಲ್ಲಗೆ ಜಾರಿಸಿ, ನಡುವಿನ ಲೋಹದ ಕ್ಲಿಪ್ ತಾಗುವವರೆಗೆ. ಟಪ್ ಎನ್ನಬಹುದು. ಸದ್ದೇ ಬರದಿದ್ದರೆ ಖಾಲಿ ಇದೆ ಎಂದುಕೊಳ್ಳಬೇಡಿ. ಐದು ನಿಮಿಷ ಬಿಟ್ಟು ಮತ್ತೆ ಮುಟ್ಟಿಸಿ, ಏಕೆಂದರೆ ಚಾರ್ಜ್ ಸ್ವಲ್ಪ ಮರಳಿ ಬರುತ್ತದೆ.

ಕ್ಯಾಪ್ ಅಂಚು ಮಡಚಿದರೆ ಕ್ಲಿಪ್ಪಿನ ಎರಡು ಕಾಲು ಕಾಣುತ್ತವೆ. ಒಂದನ್ನೊಂದರ ಕಡೆ ಒತ್ತಿ ಹೊರಗೆಳೆಯಿರಿ.

ರಿಪೇರಿಯ ಜೀವಾಳ ಈಗ ಬರುತ್ತದೆ. ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ, ಆನೋಡ್ ಗುಂಡಿಯ ಸುತ್ತಲಿನ ಬರಿ ಗಾಜನ್ನು ಬಟ್ಟೆ ಕಪ್ಪಾಗದಿರುವವರೆಗೆ ಒರೆಸಿ. ಹಳೇ ಗ್ರೀಸ್ ಒಂದಿಷ್ಟೂ ಉಳಿಯಬಾರದು. ಆಚೆ ಇರುವ ಬೂದು-ಕಪ್ಪು ಲೇಪ ಮಾತ್ರ ಕೊಳೆಯಲ್ಲ. ಅದು ಅರ್ಥ್ ಆಗುವ ಪದರ, ಉಜ್ಜಬೇಡಿ. ರಬ್ಬರಿನ ಒಳಭಾಗವನ್ನು ಟಾರ್ಚ್ ಬಿಟ್ಟು ನೋಡಿ. ಮರದ ಬೇರಿನಂತೆ ಕವಲೊಡೆದ ಕಪ್ಪು ಗೆರೆಗಳಿದ್ದರೆ ಅದು ಇಂಗಾಲ, ಕರೆಂಟು ಹಾಯುತ್ತದೆ. ಗೆರೆ ಒರೆಸಿದರೂ ಹೋಗದಿದ್ದರೆ, ರಬ್ಬರ್ ಗಟ್ಟಿಯಾಗಿ ಸೀಳಿದ್ದರೆ, ಗುಜರಿ ಟಿವಿಯಿಂದ ಮೆತ್ತಗಿನ ಕ್ಯಾಪ್ ತಂದು ಹಾಕಿ. ಕ್ಲಿಪ್ ತುಕ್ಕು ಹಿಡಿದಿದ್ದರೆ ಸ್ಯಾಂಡ್‌ಪೇಪರ್ ಸಾಕು. ಆಲ್ಕೋಹಾಲ್ ಪೂರ್ತಿ ಒಣಗಬೇಕು. ಆವಿ ಇರುವಾಗ ಕಿಡಿ ಬಂದರೆ ಬೆಂಕಿಯೇ.

ಕ್ಯಾಪ್ ಅಂಚಿನ ಒಳಗೆ ಕರೆಂಟು ಹಾಯಗೊಡದ ಸಿಲಿಕೋನ್ ಡೈಎಲೆಕ್ಟ್ರಿಕ್ ಗ್ರೀಸ್ ಉಂಗುರದಂತೆ ತೆಳ್ಳಗೆ ಹಚ್ಚಿ, ಕ್ಲಿಪ್ಪಿಗೆ ಬೇಡ. ಸಿಲಿಕೋನ್ ಅಂಟು ಹಾಕಲೇಬೇಕು ಎನ್ನುವವರು ವಿನೆಗರ್ ವಾಸನೆಯ ಟ್ಯೂಬನ್ನು, ಅಂದರೆ ಮೀನಿನ ತೊಟ್ಟಿಗೆ ಹಚ್ಚುವಂಥದ್ದನ್ನು, ಮುಟ್ಟಬೇಡಿ. ಅದರ ಆಮ್ಲ ಲೋಹ ತಿನ್ನುತ್ತದೆ. ನನ್ನ ಕೇಳಿದರೆ ಗ್ರೀಸೇ ಸರಿ, ಮುಂದಿನ ಸಲ ಕಳಚಲು ಸುಲಭ. ಕ್ಲಿಪ್ ಕೂರಿಸಿ, ರಬ್ಬರನ್ನು ಸುತ್ತಲೂ ಒತ್ತಿ, ಮೆಲ್ಲಗೆ ಜಗ್ಗಿ ನೋಡಿ.

ಕವರ್ ಹಾಕಿ ಮತ್ತೆ ಕತ್ತಲಲ್ಲಿ ಆನ್ ಮಾಡಿ. ಇಷ್ಟಾದರೂ ಕಿಡಿ ಇದ್ದು, ಚಿತ್ರ ಮೊದಲಿಗಿಂತ ಚಿಕ್ಕದಾಗಿ ಕಂಡರೆ ತಕ್ಷಣ ಆಫ್ ಮಾಡಿ. ಹೈವೋಲ್ಟೇಜೇ ಏರಿರಬಹುದು. ಹಾರಿಜಾಂಟಲ್ ಔಟ್‌ಪುಟ್ ಟ್ರಾನ್ಸಿಸ್ಟರ್ ಬಳಿ ಇರುವ 1.6 ಅಥವಾ 2 ಕಿಲೋವೋಲ್ಟಿನ ಕೆಪಾಸಿಟರ್ ಕೆಟ್ಟಿದೆಯೇ ಎಂದು ಮೆಕ್ಯಾನಿಕ್ ಹತ್ತಿರ ನೋಡಿಸಿ. ಇಎಚ್‌ಟಿ ಬದಲಿಸಬೇಕಾದರೆ ಅದರ ಮೈಮೇಲಿನ ನಂಬರ್ ಬರೆದುಕೊಂಡು ಹೋಗಿ. 'ಇದೂ ಅದೇ ಸರ್' ಎಂದು ಅಂಗಡಿಯವರು ಕೊಡುವ ನಂಬರ್ ಇಲ್ಲದ ಮಾಲು ತರಬೇಡಿ. ನೋಡಲು ಒಂದೇ ತರಹ ಇದ್ದರೂ ಪಿನ್‌ಗಳ ಕೆಲಸ ಬೇರೆ ಇರುತ್ತದೆ.