ತಾರಸಿಯ ಮೇಲೆ ಅಳೆದ ಬಿಸಿಲು

ಭೂಮಿ ಬಿಸಿಲನ್ನು ಹೀರಿ ಶಾಖವಾಗಿ ಹೊರಸೂಸುವ ಬಗೆಯನ್ನು ಒಂಬತ್ತನೇ ತರಗತಿಗೆ ಕಲಿಸುವ ಮೊದಲು ನಾನೇ ಅದನ್ನು ಅಳೆದು ನೋಡಬೇಕೆನಿಸಿ, ಎರಡು ವರ್ಷಗಳ ಹಿಂದಿನ ಏಪ್ರಿಲ್‌ನಲ್ಲಿ ಕಲಬುರಗಿಯ ನಮ್ಮ ಮನೆಯ ತಾರಸಿಯ ಅರ್ಧಕ್ಕೆ ಮಾತ್ರ ಸುಣ್ಣ ಬಳಿದು, ಕೈಯಲ್ಲಿ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರೊಂದನ್ನು ಕೊಂಡು ತಂದೆ.

ಮಧ್ಯಾಹ್ನ ಒಂದೂವರೆಗೆ ಬರಿಯ ಕಾಂಕ್ರೀಟು 58 ಡಿಗ್ರಿ ಸೆಲ್ಸಿಯಸ್, ಸುಣ್ಣದ ಭಾಗ 43 ಡಿಗ್ರಿ ಇದ್ದವು. ಬಿಳಿ ಬಣ್ಣ ಬಿಸಿಲನ್ನು ಮರಳಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಭೂಮಿಯೂ ತನಗೆ ಬರುವ ಬಿಸಿಲಿನಲ್ಲಿ ಸುಮಾರು ಶೇ. 30ರಷ್ಟನ್ನು ಮೋಡ, ಹಿಮ, ಮರಳುಗಳಿಂದ ಹೀಗೆಯೇ ಹಿಂದಿರುಗಿಸುತ್ತದೆ, ಅರ್ಧದಷ್ಟನ್ನು ನೆಲ ಮತ್ತು ಕಡಲು ಹೀರುತ್ತವೆ, ಉಳಿದುದು ವಾತಾವರಣದ ಪಾಲು.

ನನ್ನನ್ನು ತಡೆದು ನಿಲ್ಲಿಸಿದ್ದು ಬಚ್ಚಲಮನೆಯ ಮೇಲಿನ ಹೊಸ ತಗಡು. ಉರಿಬಿಸಿಲಿನಲ್ಲಿ ಅದು ಕೇವಲ 21 ಡಿಗ್ರಿ ತೋರಿಸಿತು. ನಂಬಿ ಮುಟ್ಟಿದಾಗ ಬೆರಳು ಚುರ್ರೆಂದಿತು. ತಗಡಿನ ಮೇಲೆ ಕಪ್ಪು ಇನ್ಸುಲೇಷನ್ ಟೇಪಿನ ತುಂಡೊಂದನ್ನು ಒತ್ತಿ ಅಂಟಿಸಿ, ಐದು ನಿಮಿಷ ಬಿಟ್ಟು ಅದರ ಮೇಲೆಯೇ ಅಳೆದಾಗ 61 ಬಂತು. ಈ ಉಪಕರಣ ಅಳೆಯುವುದು ವಸ್ತುವಿನಿಂದ ಬರುವ ಇನ್‌ಫ್ರಾರೆಡ್ ಕಿರಣವನ್ನು. ಹೊಳೆಯುವ ಲೋಹ ಅದನ್ನು ಹೊರಸೂಸುವುದು ತೀರಾ ಕಡಿಮೆ, ಬದಲಿಗೆ ಮೇಲಿನ ತಂಪು ಆಕಾಶವನ್ನು ಕನ್ನಡಿಯಂತೆ ಪ್ರತಿಫಲಿಸುತ್ತದೆ. ಸುಣ್ಣದ ಗುಣ ಇದಕ್ಕೆ ತದ್ವಿರುದ್ಧ. ಅರ್ಧ ಮೈಕ್ರಾನಿನ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಆಸುಪಾಸಿನ ತರಂಗಾಂತರವಿರುವ ಸೂರ್ಯನ ಬೆಳಕಿಗೆ ಅದು ಬಿಳಿ, ಹತ್ತು ಮೈಕ್ರಾನಿನ ಶಾಖಕಿರಣಕ್ಕೆ ಬಹುಮಟ್ಟಿಗೆ ಮಸಿಯಷ್ಟೇ ಕಪ್ಪು. ಆದ್ದರಿಂದ ಹೀರುವುದು ಕಡಿಮೆ, ಹೊರಗೆ ಬಿಡುವುದು ಹೆಚ್ಚು. ಕಣ್ಣಿಗೆ ಕಾಣುವ ಬಣ್ಣದಿಂದ ಶಾಖದ ಲೆಕ್ಕವನ್ನು ಪೂರ್ತಿಯಾಗಿ ಹೇಳಲಾಗದು ಎಂಬುದನ್ನು ನಾನು ಆ ಟೇಪಿನ ತುಂಡಿನಿಂದ ಕಲಿತೆ, ಈಗ ಪಾಠವನ್ನೂ ಅಲ್ಲಿಂದಲೇ ಆರಂಭಿಸುತ್ತೇನೆ.

ಡಿಸೆಂಬರಿನಲ್ಲಿ ಆಕಾಶವನ್ನೇ ಅಳೆದೆ. ಶುಭ್ರವಾದ ರಾತ್ರಿಯಲ್ಲಿ ಉಪಕರಣವನ್ನು ನೇರವಾಗಿ ಮೇಲಕ್ಕೆ ಹಿಡಿದಾಗ ಸೊನ್ನೆಗಿಂತ 12 ಡಿಗ್ರಿ ಕೆಳಗೆ ತೋರಿಸಿತು. ಇದು ವಾತಾವರಣದ ನಿಜವಾದ ಉಷ್ಣತೆಯಲ್ಲ ಎಂದು ಮಕ್ಕಳಿಗೆ ಒತ್ತಿ ಹೇಳಬೇಕು, ಏಕೆಂದರೆ ಈ ಉಪಕರಣಗಳು ನೋಡುವ 8ರಿಂದ 14 ಮೈಕ್ರಾನಿನ ಪಟ್ಟಿಯಲ್ಲಿ ಒಣಗಾಳಿ ಬಹಳಷ್ಟು ಪಾರದರ್ಶಕ. ನೆಲದ ಶಾಖದಲ್ಲಿ ಒಂದಷ್ಟು ಆ ಕಿಂಡಿಯಿಂದಲೇ ನೇರ ಅಂತರಿಕ್ಷಕ್ಕೆ ಹೋಗುತ್ತದೆ. ಉಳಿದ ಪಟ್ಟಿಗಳಲ್ಲಿ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಅದನ್ನು ಹೀರಿ, ಒಂದು ಪಾಲನ್ನು ಕೆಳಕ್ಕೆ ಮರಳಿ ಸೂಸುತ್ತವೆ. ಈ ಮರಳಿಕೆ ಇರದೆ, ಮಿಕ್ಕೆಲ್ಲವೂ ಹೀಗೆಯೇ ಇದ್ದಿದ್ದರೆ ಭೂಮಿಯ ಸರಾಸರಿ ಉಷ್ಣತೆ 15 ಡಿಗ್ರಿಯ ಬದಲು ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು.

ಅದೇ ವಾರ ಮೋಡ ಕವಿದ ರಾತ್ರಿಯೊಂದು ಸಿಕ್ಕಿತು. ಅದೇ ಜಾಗದಲ್ಲಿ ನಿಂತು ಮೇಲಕ್ಕೆ ಹಿಡಿದಾಗ ಉಪಕರಣ 10 ಡಿಗ್ರಿ ತೋರಿಸಿತು. ಶುಭ್ರ ರಾತ್ರಿಯ ಮರುದಿನ ಇಬ್ಬನಿಯಿಂದ ಒದ್ದೆಯಾಗಿದ್ದ ಬೈಕಿನ ಸೀಟು ಆ ಬೆಳಿಗ್ಗೆ ಒಣಗಿಯೇ ಇತ್ತು.